ನೆಟ್ ಬಂದು ಬಂದು ಹೋಗುತ್ತಿದೆಯೇ? ಡಿಎನ್‌ಎಸ್ ಬದಲಿಸುವ ಮೊದಲು ಮೂರು ಪಿಂಗ್ ಮಾಡಿ ನೋಡಿ

ಹೇಳಿಕೆ: ಲಿನಕ್ಸ್ ಕಂಪ್ಯೂಟರ್‌ನಲ್ಲಿ ಇಂಟರ್ನೆಟ್ ಆಗಾಗ ಕಟ್ ಆಗುತ್ತಿದ್ದರೆ ಡಿಎನ್‌ಎಸ್ ಅನ್ನು 8.8.8.8 ಎಂದು ಬದಲಿಸಿದರೆ ಸಾಕು. ಜೊತೆಗೆ ಈ ಒಂದು ಕಮಾಂಡ್ ಕಾಪಿ ಮಾಡಿ ಹಾಕಿ, ಸಮಸ್ಯೆ ಶಾಶ್ವತವಾಗಿ ಪರಿಹಾರ.

ವಾಸ್ತವ: ಡಿಎನ್‌ಎಸ್ ಹತ್ತಾರು ಕಾರಣಗಳಲ್ಲಿ ಒಂದು ಮಾತ್ರ. ನೆಟ್ ಎಲ್ಲಿ ಕಟ್ ಆಗುತ್ತಿದೆ ಎಂದು ತಿಳಿಯದೆ ಮಾಡುವ ಯಾವ ರಿಪೇರಿಯೂ ಊಹೆಯಷ್ಟೇ. ಗೊತ್ತಿಲ್ಲದ ಕಮಾಂಡ್ ಹಾಕುವುದಂತೂ ಅಪಾಯ. ಎಲ್ಲಿ ಕಟ್ ಆಗುತ್ತಿದೆ ಎಂಬುದನ್ನು ಯಾರು ಬೇಕಾದರೂ ಕೆಲವೇ ನಿಮಿಷಗಳಲ್ಲಿ ಕಂಡುಕೊಳ್ಳಬಹುದು.

ಇಂಥ ಸಂದೇಶಗಳು ಕಾಲೇಜು ಗುಂಪುಗಳಲ್ಲಿ, ಆಫೀಸಿನ ಗುಂಪುಗಳಲ್ಲಿ ಸುತ್ತುತ್ತಲೇ ಇರುತ್ತವೆ. ಹಳೆಯ ಲ್ಯಾಪ್‌ಟಾಪ್‌ಗೆ ಉಬುಂಟು ಅಥವಾ ಲಿನಕ್ಸ್ ಮಿಂಟ್ ಹಾಕಿಕೊಂಡವರು, ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಮನೆಯಿಂದಲೇ ಕೆಲಸ ಮಾಡುವವರು ಇವನ್ನು ನಂಬಿ ಪ್ರಯೋಗಿಸುತ್ತಾರೆ. ಆನ್‌ಲೈನ್ ಪರೀಕ್ಷೆಯ ಮಧ್ಯೆ ಅಥವಾ ಅರ್ಜಿ ಸಲ್ಲಿಸುವ ಕೊನೆಯ ದಿನ ನೆಟ್ ಹೋದರೆ ಯಾರಿಗಾದರೂ ಕೈಕಾಲು ಆಡುವುದಿಲ್ಲ. ಆ ಗಾಬರಿಯಲ್ಲಿ ಸಿಕ್ಕಿದ್ದನ್ನೆಲ್ಲ ಮಾಡಿ ನೋಡುವುದು ಸಹಜ. ಆದರೆ ಗಾಬರಿ ಇಲ್ಲದ ದಿನ ಒಂದಿಷ್ಟು ಹೊತ್ತು ಕೊಟ್ಟರೆ ಕಾರಣವನ್ನೇ ಹಿಡಿಯಬಹುದು.

## ‘ನಾನು ಮಾಡಿದೆ, ಸರಿ ಹೋಯಿತು’ ಎಂಬ ಮಾತನ್ನು ನಂಬಬಹುದೇ?

ನೆಗಡಿಗೆ ಔಷಧಿ ತೆಗೆದುಕೊಂಡರೆ ಒಂದು ವಾರ, ತೆಗೆದುಕೊಳ್ಳದಿದ್ದರೆ ಏಳು ದಿನ ಎಂಬ ತಮಾಷೆ ನೀವೂ ಕೇಳಿರುತ್ತೀರಿ. ತಾನಾಗಿಯೇ ವಾಸಿಯಾಗುವ ಕಾಯಿಲೆಗೆ ಯಾವ ಮದ್ದು ಕೊಟ್ಟರೂ ಅದು ಕೆಲಸ ಮಾಡಿದಂತೆಯೇ ಕಾಣುತ್ತದೆ. ಕೊನೆಯ ದಿನ ಕುಡಿದ ಕಷಾಯಕ್ಕೆ ಎಲ್ಲ ಹೆಸರೂ ಹೋಗುತ್ತದೆ.

ಬಂದು ಹೋಗುವ ನೆಟ್‌ನ ಕಥೆಯೂ ಇದೇ. ಅದು ಎರಡು ನಿಮಿಷ ಹೋಗುತ್ತದೆ, ತಾನಾಗಿಯೇ ಬರುತ್ತದೆ. ಆ ಎರಡು ನಿಮಿಷದಲ್ಲಿ ನೀವು ಡಿಎನ್‌ಎಸ್ ಬದಲಿಸಿದ್ದರೆ ಡಿಎನ್‌ಎಸ್‌ನಿಂದ ಸರಿಯಾಯಿತು ಎನಿಸುತ್ತದೆ. ರೂಟರ್ ಪಕ್ಕ ಅಲ್ಯೂಮಿನಿಯಂ ಹಾಳೆ ಇಟ್ಟಿದ್ದರೆ ಹಾಳೆಯಿಂದ ಎನಿಸುತ್ತದೆ. ಸುಮ್ಮನೆ ಕೂತಿದ್ದರೂ ನೆಟ್ ಬರುತ್ತಿತ್ತು. ಆದರೆ ‘ಸುಮ್ಮನೆ ಕೂತೆ, ಬಂತು’ ಎಂದು ಯಾರೂ ಫಾರ್ವರ್ಡ್ ಮಾಡುವುದಿಲ್ಲ. ಹಾಗಾಗಿ ಬರೀ ‘ಪರಿಹಾರ’ಗಳೇ ಹರಡುತ್ತವೆ.

ಸ್ಪೀಡ್ ಟೆಸ್ಟ್‌ನಿಂದಲೂ ಇದು ಬಗೆಹರಿಯುವುದಿಲ್ಲ. ಸ್ಪೀಡ್ ಟೆಸ್ಟ್ ನಡೆಯುವುದು ಒಂದು ನಿಮಿಷಕ್ಕಿಂತ ಕಡಿಮೆ ಹೊತ್ತು. ಗಂಟೆಗೊಮ್ಮೆ ಒಂದು ನಿಮಿಷ ಹೋಗುವ ನೆಟ್ ಉಳಿದ 59 ನಿಮಿಷವೂ ಅದ್ಭುತ ವೇಗ ತೋರಿಸುತ್ತದೆ. ಕಂಪನಿಯ ತಂತ್ರಜ್ಞ ಬಂದು ಟೆಸ್ಟ್ ಮಾಡಿ, ‘ಎಲ್ಲ ಸರಿ ಇದೆಯಲ್ಲ ಸರ್’ ಎಂದು ಹೋಗುವುದೂ ಇದರಿಂದಲೇ. ಆತ ಸುಳ್ಳು ಹೇಳುತ್ತಿಲ್ಲ. ಆತ ಬಂದ ಹೊತ್ತಿಗೆ ಎಲ್ಲವೂ ನಿಜವಾಗಿಯೂ ಸರಿ ಇತ್ತು.

## ನಲ್ಲಿಯಲ್ಲಿ ನೀರು ಬಾರದಿದ್ದರೆ ಏನು ಮಾಡುತ್ತೀರಿ?

ಅಡುಗೆಮನೆ ನಲ್ಲಿಯಲ್ಲಿ ನೀರು ನಿಂತರೆ ಯಾರೂ ಮೊದಲು ನಲ್ಲಿ ಬದಲಿಸುವುದಿಲ್ಲ. ಬಚ್ಚಲಲ್ಲಿ ಬರುತ್ತಿದೆಯೇ ನೋಡುತ್ತೇವೆ. ಟ್ಯಾಂಕಿನಲ್ಲಿ ನೀರಿದೆಯೇ ನೋಡುತ್ತೇವೆ. ಸಂಪು ಖಾಲಿಯೇ, ಬೀದಿಯ ಪೈಪಿನಲ್ಲಿ ಬಿಟ್ಟಿದ್ದಾರೆಯೇ ಎಂದು ಪಕ್ಕದ ಮನೆಯವರನ್ನು ಕೇಳುತ್ತೇವೆ. ನೀರು ಎಲ್ಲಿಯವರೆಗೆ ಬಂದಿದೆ ಎಂದು ತಿಳಿದ ಮೇಲಷ್ಟೇ ಪ್ಲಂಬರ್‌ಗೆ ಫೋನ್ ಮಾಡಬೇಕೋ, ವಾಟರ್‌ಮ್ಯಾನ್‌ಗೆ ಮಾಡಬೇಕೋ ನಿರ್ಧರಿಸುತ್ತೇವೆ.

ಇಂಟರ್ನೆಟ್ ಕೂಡ ಹೀಗೆ ಮೂರು ಹಂತ ದಾಟಿ ಬರುತ್ತದೆ.

1. ನಿಮ್ಮ ಕಂಪ್ಯೂಟರ್‌ನಿಂದ ಮನೆಯ ರೂಟರ್‌ವರೆಗೆ. ವೈಫೈ ಅಥವಾ ಕೇಬಲ್ ಇರುವುದು ಇಲ್ಲಿ.
2. ರೂಟರ್‌ನಿಂದ ಹೊರಜಗತ್ತಿಗೆ. ಫೈಬರ್ ಲೈನ್, ಬೀದಿಯ ಕಂಬ, ಸೇವೆ ಕೊಡುವ ಕಂಪನಿ, ಎಲ್ಲವೂ ಈ ಹಂತದಲ್ಲಿ ಬರುತ್ತವೆ.
3. ಹೆಸರಿನಿಂದ ನಂಬರ್‌ಗೆ. ನೀವು ವೆಬ್‌ಸೈಟಿನ ಹೆಸರು ಬರೆಯುತ್ತೀರಿ. ಕಂಪ್ಯೂಟರ್‌ಗೆ ಬೇಕಾದದ್ದು ಅದರ ನಂಬರ್. ಫೋನಿನ ಕಾಂಟ್ಯಾಕ್ಟ್ಸ್ ಪಟ್ಟಿಯ ಹಾಗೆ ಹೆಸರಿಗೆ ನಂಬರ್ ಹುಡುಕಿಕೊಡುವ ವ್ಯವಸ್ಥೆಯೇ ಡಿಎನ್‌ಎಸ್.

ಈ ಮೂರರಲ್ಲಿ ಯಾವುದು ಕಡಿದರೂ ಪರದೆಯ ಮೇಲೆ ಕಾಣುವುದು ಒಂದೇ: ‘ಇಂಟರ್ನೆಟ್ ಇಲ್ಲ’. ಆದ್ದರಿಂದ ಮೊದಲ ಕೆಲಸ ಯಾವ ಹಂತ ಎಂದು ಗುರುತಿಸುವುದು.

ವೈಫೈ ಕಡ್ಡಿಗಳು ತುಂಬಿದ್ದರೂ ನೆಟ್ ಇಲ್ಲದಿರುವುದು ಏಕೆ ಎಂಬ ಪ್ರಶ್ನೆಗೂ ಇಲ್ಲೇ ಉತ್ತರವಿದೆ. ಕಡ್ಡಿಗಳು ಹೇಳುವುದು ಮೊದಲ ಹಂತದ ಸಿಗ್ನಲ್ ಬಗ್ಗೆ ಮಾತ್ರ. ಟ್ಯಾಂಕ್ ಖಾಲಿ ಇದ್ದಾಗಲೂ ನಲ್ಲಿ ಚೆನ್ನಾಗಿಯೇ ತಿರುಗುತ್ತದಲ್ಲ, ಹಾಗೆ.

## ‘ಫೋನ್‌ನಲ್ಲಿ ಬರುತ್ತಿದೆ, ಕಂಪ್ಯೂಟರೇ ಕೆಟ್ಟಿದೆ’: ಈ ಪರೀಕ್ಷೆಯಲ್ಲಿರುವ ಮೋಸ

ಕಂಪ್ಯೂಟರ್‌ನಲ್ಲಿ ನೆಟ್ ಹೋದ ತಕ್ಷಣ ನಾವೆಲ್ಲ ಫೋನ್ ನೋಡುತ್ತೇವೆ. ಫೋನ್‌ನಲ್ಲಿ ವಿಡಿಯೊ ಓಡುತ್ತಿರುತ್ತದೆ. ‘ವೈಫೈ ಸರಿ ಇದೆ, ಲಿನಕ್ಸೇ ಸರಿ ಇಲ್ಲ, ವಿಂಡೋಸ್ ಹಾಕಿಸು’ ಎಂದು ತೀರ್ಪು ಬಂದುಬಿಡುತ್ತದೆ.

ಆದರೆ ಫೋನ್‌ಗೆ ಎರಡು ದಾರಿಗಳಿವೆ, ವೈಫೈ ಮತ್ತು ಸಿಮ್‌ನ ಡೇಟಾ. ವೈಫೈನಲ್ಲಿ ನೆಟ್ ಬಾರದಿದ್ದರೆ ಅನೇಕ ಆಂಡ್ರಾಯ್ಡ್ ಫೋನ್‌ಗಳು ನಿಮಗೆ ಹೇಳದೆಯೇ ಮೊಬೈಲ್ ಡೇಟಾಗೆ ಹೋಗುತ್ತವೆ. ಐಫೋನ್‌ನಲ್ಲೂ ‘ವೈಫೈ ಅಸಿಸ್ಟ್’ ಎಂಬ ಇಂಥದೇ ಸೌಲಭ್ಯ 2015ರಿಂದ ಇದೆ. ಡೆಸ್ಕ್‌ಟಾಪ್‌ಗೆ ಎರಡನೇ ದಾರಿ ಇಲ್ಲ. ಅದು ನಿಂತಿದ್ದು ನಿಂತ ಹಾಗೆ ತೋರಿಸುತ್ತದೆ, ಬೈಗುಳವೂ ಅದಕ್ಕೇ ಬೀಳುತ್ತದೆ.

ಫೋನ್ ಜೊತೆ ಹೋಲಿಸಬೇಕಾದರೆ ಮೊದಲು ಫೋನ್‌ನ ಮೊಬೈಲ್ ಡೇಟಾ ಆಫ್ ಮಾಡಿ. ಕಂಪ್ಯೂಟರ್‌ನಲ್ಲಿ ನೆಟ್ ಹೋದ ಅದೇ ಗಳಿಗೆಯಲ್ಲಿ, ಅದೇ ವೈಫೈನಲ್ಲಿ, ಹೊಸದಾಗಿ ಒಂದು ಪುಟ ತೆರೆದು ನೋಡಿ. ಓಡುತ್ತಿರುವ ವಿಡಿಯೊ ಮುಂದುವರಿದರೆ ಅದು ಪುರಾವೆಯಲ್ಲ. ಕೆಲವು ಸೆಕೆಂಡುಗಳ ವಿಡಿಯೊ ಮೊದಲೇ ಫೋನ್‌ಗೆ ಬಂದು ಕೂತಿರುತ್ತದೆ. ಡೇಟಾ ಆಫ್ ಇದ್ದಾಗ ಫೋನ್‌ನಲ್ಲೂ ನೆಟ್ ಹೋಗುತ್ತಿದ್ದರೆ ನಿಮ್ಮ ಕಂಪ್ಯೂಟರ್ ನಿರ್ದೋಷಿ.

## ಮೂರು ಪಿಂಗ್ ಪರೀಕ್ಷೆ

1983ರ ಡಿಸೆಂಬರ್‌ನಲ್ಲಿ ಅಮೆರಿಕದ ಸೇನೆಯ ಬ್ಯಾಲಿಸ್ಟಿಕ್ ಸಂಶೋಧನಾ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದ ಮೈಕ್ ಮೂಸ್ ಎಂಬ ಪ್ರೋಗ್ರಾಮರ್, ವಿಚಿತ್ರವಾಗಿ ವರ್ತಿಸುತ್ತಿದ್ದ ನೆಟ್‌ವರ್ಕ್ ಒಂದರ ದೋಷ ಹುಡುಕಲು ಯುನಿಕ್ಸ್‌ನಲ್ಲಿ ಒಂದು ಪುಟ್ಟ ಪ್ರೋಗ್ರಾಂ ಬರೆದರು. ಜಲಾಂತರ್ಗಾಮಿಯ ಸೋನಾರ್ ಶಬ್ದ ಕಳಿಸಿ ಪ್ರತಿಧ್ವನಿಗೆ ಕಾಯುವಂತೆ ಇದು ಒಂದು ಚಿಕ್ಕ ಸಂದೇಶ ಕಳಿಸಿ ಉತ್ತರಕ್ಕೆ ಕಾಯುತ್ತದೆ. ಸೋನಾರ್‌ನ ಸದ್ದೇ ಅದರ ಹೆಸರಾಯಿತು: ಪಿಂಗ್. ನಾಲ್ಕು ದಶಕ ಕಳೆದರೂ ನೆಟ್ ದೋಷ ಹುಡುಕುವವರು ಮೊದಲು ಕೈಹಾಕುವುದು ಇದಕ್ಕೇ. ಲಿನಕ್ಸ್, ಬಿಎಸ್‌ಡಿ, ಮ್ಯಾಕ್ ಎಲ್ಲದರಲ್ಲೂ ಇದು ಸಿಗುತ್ತದೆ. ಪಾಸ್‌ವರ್ಡ್ ಕೇಳುವುದಿಲ್ಲ, ಯಾವ ಸೆಟ್ಟಿಂಗ್ ಅನ್ನೂ ಬದಲಿಸುವುದಿಲ್ಲ. ಹಾಗಾಗಿ ಹೆದರದೆ ಬಳಸಬಹುದು.

(ಕಮಾಂಡ್‌ಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇವೆ. ಟೈಪ್ ಮಾಡುವಾಗ ಇಂಗ್ಲಿಷ್‌ನ ಸಣ್ಣ ಅಕ್ಷರಗಳನ್ನೇ ಬಳಸಿ.)

ಮೊದಲ ಹೆಜ್ಜೆ, ರೂಟರ್‌ನ ನಂಬರ್ ತಿಳಿಯಿರಿ. ಟರ್ಮಿನಲ್ ತೆರೆದು ‘ಐ-ಪಿ’ ಎಂದು ಬರೆದು, ಒಂದು ಸ್ಪೇಸ್ ಬಿಟ್ಟು ‘ಆರ್’ ಎಂದು ಬರೆದು ಎಂಟರ್ ಒತ್ತಿ. ‘ಡಿಫಾಲ್ಟ್ ವಯಾ’ ಎಂಬ ಪದಗಳ ಮುಂದೆ ಇರುವುದೇ ರೂಟರ್‌ನ ನಂಬರ್. ಮನೆಗಳಲ್ಲಿ ಇದು ಸಾಮಾನ್ಯವಾಗಿ 192.168.1.1 ಅಥವಾ 192.168.0.1 ಆಗಿರುತ್ತದೆ.

ಎರಡನೇ ಹೆಜ್ಜೆ, ಎರಡು ಟರ್ಮಿನಲ್ ಕಿಟಕಿಗಳನ್ನು ಅಕ್ಕಪಕ್ಕ ಇಡಿ. ಒಂದರಲ್ಲಿ ‘ಪಿಂಗ್’ ಬರೆದು, ಸ್ಪೇಸ್ ಬಿಟ್ಟು ರೂಟರ್‌ನ ನಂಬರ್ ಹಾಕಿ. ಇನ್ನೊಂದರಲ್ಲಿ ಪಿಂಗ್ ಮುಂದೆ 8.8.8.8 ಎಂದು ಹಾಕಿ. ಇದು ಗೂಗಲ್‌ನ ಸಾರ್ವಜನಿಕ ಡಿಎನ್‌ಎಸ್ ಸರ್ವರ್‌ನ ನಂಬರ್. ಇಲ್ಲಿ ಅದನ್ನು ಡಿಎನ್‌ಎಸ್ ಆಗಿ ಬಳಸುತ್ತಿಲ್ಲ, ಹೊರಜಗತ್ತಿನಲ್ಲಿ ಸದಾ ಎಚ್ಚರವಾಗಿರುವ ಒಂದು ಮನೆಯ ಬಾಗಿಲು ಬಡಿಯುತ್ತಿದ್ದೇವೆ, ಅಷ್ಟೇ.

ಲಿನಕ್ಸ್‌ನಲ್ಲಿ ಪಿಂಗ್ ತಾನಾಗಿ ನಿಲ್ಲುವುದಿಲ್ಲ, ಸೆಕೆಂಡಿಗೊಂದು ಸಾಲಿನಂತೆ ಓಡುತ್ತಲೇ ಇರುತ್ತದೆ. ನಮಗೆ ಬೇಕಾದದ್ದೂ ಅದೇ. ಹಾಗೇ ಬಿಟ್ಟು ನಿಮ್ಮ ಕೆಲಸ ಮಾಡಿಕೊಳ್ಳಿ. ಒಂದು ಮಾತು ಗಮನದಲ್ಲಿರಲಿ: ಉತ್ತರ ಬಾರದಿದ್ದಾಗ ಲಿನಕ್ಸ್‌ನ ಪಿಂಗ್ ಅನೇಕ ಸಲ ಏನನ್ನೂ ಹೇಳದೆ ಸುಮ್ಮನಾಗುತ್ತದೆ. ಪಿಂಗ್ ಪದದ ಮುಂದೆ ಸ್ಪೇಸ್ ಬಿಟ್ಟು ಒಂದು ಹೈಫನ್ ಮತ್ತು ದೊಡ್ಡಕ್ಷರದ ‘ಓ’ ಸೇರಿಸಿ, ಆಮೇಲೆ ನಂಬರ್ ಹಾಕಿದರೆ, ಉತ್ತರ ಬಾರದ ಪ್ರತಿ ಸೆಕೆಂಡಿಗೂ ‘ಇನ್ನೂ ಉತ್ತರವಿಲ್ಲ’ ಎಂಬರ್ಥದ ಇಂಗ್ಲಿಷ್ ಸಾಲು ಬರುತ್ತದೆ.

ಮೂರನೇ ಹೆಜ್ಜೆ, ನೆಟ್ ಹೋದ ಗಳಿಗೆಯಲ್ಲಿ ಏನನ್ನೂ ಮುಟ್ಟಬೇಡಿ. ರೂಟರ್ ಆಫ್ ಮಾಡಬೇಡಿ. ಎರಡೂ ಕಿಟಕಿಗಳನ್ನು ನೋಡಿ, ಗಡಿಯಾರ ನೋಡಿ ಸಮಯ ಬರೆದುಕೊಳ್ಳಿ. ಆಮೇಲೆ ಮೂರನೇ ಕಿಟಕಿಯಲ್ಲಿ ಪಿಂಗ್ ಮುಂದೆ ಯಾವುದಾದರೂ ವೆಬ್‌ಸೈಟಿನ ಹೆಸರು ಹಾಕಿ. ಇದನ್ನು ಆಗಲೇ ಹೊಸದಾಗಿ ಶುರು ಮಾಡಬೇಕು. ಪಿಂಗ್ ಹೆಸರಿನ ನಂಬರ್ ಕೇಳುವುದು ಆರಂಭದಲ್ಲಿ ಮಾತ್ರ, ಮೊದಲೇ ಓಡುತ್ತಿದ್ದರೆ ಡಿಎನ್‌ಎಸ್ ದೋಷ ಅದಕ್ಕೆ ತಿಳಿಯುವುದಿಲ್ಲ.

ಪಿಂಗ್ ನಿಲ್ಲಿಸಲು ಕಂಟ್ರೋಲ್ ಕೀ ಒತ್ತಿಹಿಡಿದು ‘ಸಿ’ ಒತ್ತಿ. ಎಷ್ಟು ಸಂದೇಶ ಹೋಯಿತು, ಎಷ್ಟಕ್ಕೆ ಉತ್ತರ ಬಂತು, ಶೇಕಡಾ ಎಷ್ಟು ಕಳೆದುಹೋಯಿತು ಎಂಬ ಲೆಕ್ಕ ಕೊನೆಯಲ್ಲಿ ಸಿಗುತ್ತದೆ.

## ಉತ್ತರ ಓದುವುದು ಹೀಗೆ

- ರೂಟರ್‌ನಿಂದಲೇ ಉತ್ತರ ನಿಂತರೆ: ದೋಷ ಮನೆಯೊಳಗೇ ಇದೆ. ವೈಫೈ, ಕೇಬಲ್, ಕಂಪ್ಯೂಟರ್ ಅಥವಾ ರೂಟರ್. ಕಂಪನಿಗೆ ಫೋನ್ ಮಾಡುವ ಮೊದಲು ಇವನ್ನು ನೋಡಿ. (ರೂಟರ್ ಯಾವಾಗಲೂ ಪಿಂಗ್‌ಗೆ ಉತ್ತರ ಕೊಡುತ್ತಿತ್ತೇ ಎಂದು ಮೊದಲೇ ಖಚಿತಪಡಿಸಿಕೊಂಡಿರಬೇಕು. ಕೆಲವು ರೂಟರ್‌ಗಳಲ್ಲಿ ಉತ್ತರ ಕೊಡದಂತೆ ಸೆಟ್ ಮಾಡಿರುತ್ತಾರೆ.)
- ರೂಟರ್ ಉತ್ತರಿಸುತ್ತಿದೆ, 8.8.8.8 ಇಲ್ಲ ಎಂದರೆ: ದೋಷ ಲೈನ್‌ನಲ್ಲಿ ಅಥವಾ ಕಂಪನಿಯ ಕಡೆ. ಕಂಪ್ಯೂಟರ್‌ನಲ್ಲಿ ಏನು ಬದಲಿಸಿದರೂ ಪ್ರಯೋಜನವಿಲ್ಲ.
- ಎರಡೂ ಉತ್ತರಿಸುತ್ತಿವೆ, ಹೆಸರು ಹಾಕಿದಾಗ ಮಾತ್ರ ಆಗದಿದ್ದರೆ: ಈಗ ಅದು ಡಿಎನ್‌ಎಸ್. ಫಾರ್ವರ್ಡ್‌ನ ಸಲಹೆ ಕೆಲಸಕ್ಕೆ ಬರುವುದು ಈ ಒಂದು ಸಂದರ್ಭದಲ್ಲಿ.
- ಮೂರೂ ಸರಿ ಇದ್ದು ಬ್ರೌಸರ್‌ನಲ್ಲಿ ಮಾತ್ರ ಬಾರದಿದ್ದರೆ: ನೆಟ್ ಇದೆ. ವಿಪಿಎನ್, ಬ್ರೌಸರ್‌ನ ಎಕ್ಸ್‌ಟೆನ್ಶನ್ ಅಥವಾ ಆ ವೆಬ್‌ಸೈಟನ್ನೇ ಅನುಮಾನಿಸಿ. ಕೊನೆಯ ದಿನ ಸಾವಿರಾರು ಜನ ಒಟ್ಟಿಗೆ ನುಗ್ಗುವ ಅರ್ಜಿ ಸೈಟ್‌ಗಳು ತೆರೆಯದಿರಲು ನಿಮ್ಮ ರೂಟರ್ ಕಾರಣವಲ್ಲ.

ಒಂದೆರಡು ಸಂದೇಶ ಕಳೆದುಹೋದರೆ ತಲೆ ಕೆಡಿಸಿಕೊಳ್ಳಬೇಡಿ, ವೈಫೈನಲ್ಲಿ ಅದು ಸಾಮಾನ್ಯ. ಸಾಲುಸಾಲಾಗಿ ಹತ್ತಿಪ್ಪತ್ತು ಹೋದರೆ ಅದು ನಾವು ಹುಡುಕುತ್ತಿರುವ ದೋಷ.

## ದೋಷ ಮನೆಯೊಳಗೆ ಇದ್ದರೆ

ವೈಫೈ ನಿದ್ದೆ. ಬ್ಯಾಟರಿ ಉಳಿಸಲು ವೈಫೈ ಚಿಪ್ ಆಗಾಗ ಕಣ್ಣು ಮುಚ್ಚುತ್ತದೆ. ಕೆಲವು ಚಿಪ್‌ಗಳು ಸರಿಯಾದ ಸಮಯಕ್ಕೆ ಏಳುವುದಿಲ್ಲ. ಕಂಪ್ಯೂಟರ್ ಸ್ವಲ್ಪ ಹೊತ್ತು ಸುಮ್ಮನಿದ್ದ ಮೇಲೆ ನೆಟ್ ಹೋಗುತ್ತದೆ, ಬಳಸುತ್ತಿದ್ದಾಗ ಹೋಗುವುದಿಲ್ಲ ಎಂದಾದರೆ ಇದನ್ನು ಅನುಮಾನಿಸಿ. ಉಬುಂಟುವಿನಲ್ಲಿ ನೆಟ್‌ವರ್ಕ್ ಮ್ಯಾನೇಜರ್‌ನ ಸೆಟ್ಟಿಂಗ್ ಫೈಲ್ ಒಂದರಲ್ಲಿ ‘ವೈಫೈ ಪವರ್‌ಸೇವ್’ ಎಂಬ ಸಾಲಿರುತ್ತದೆ. ಅದರ ಮುಂದೆ 3 ಎಂದಿದ್ದರೆ ಉಳಿತಾಯ ಆನ್, 2 ಎಂದರೆ ಆಫ್. ಸದಾ ಕರೆಂಟ್‌ಗೆ ಸಿಕ್ಕಿಸಿರುವ ಡೆಸ್ಕ್‌ಟಾಪ್‌ಗೆ ಈ ಉಳಿತಾಯದಿಂದ ಹೇಳಿಕೊಳ್ಳುವ ಲಾಭವೇನೂ ಇಲ್ಲ.

2.4 ಗಿಗಾಹರ್ಟ್ಸ್‌ನ ಸಂತೆ. ಹಳೆಯ ವೈಫೈ ಪಟ್ಟಿ 2.4 ಗಿಗಾಹರ್ಟ್ಸ್. ಬ್ಲೂಟೂತ್ ಇರುವುದೂ ಅಲ್ಲೇ, ಮೈಕ್ರೋವೇವ್ ಓವನ್ ಕೆಲಸ ಮಾಡುವುದೂ ಸುಮಾರು 2.45 ಗಿಗಾಹರ್ಟ್ಸ್‌ನಲ್ಲೇ. ಓವನ್‌ನಿಂದ ಸೋರುವುದು ಸುರಕ್ಷಿತ ಮಿತಿಯೊಳಗಿನ ತೀರಾ ಸ್ವಲ್ಪ, ಅದರಿಂದ ಆರೋಗ್ಯಕ್ಕೆ ತೊಂದರೆಯಿಲ್ಲ. ಆದರೆ ವೈಫೈನ ಪಿಸುಮಾತನ್ನು ಮುಚ್ಚಿಹಾಕಲು ಅಷ್ಟು ಸಾಕು. ಅಪಾರ್ಟ್‌ಮೆಂಟ್‌ಗಳಲ್ಲಿ ಹತ್ತಾರು ಮನೆಗಳ ರೂಟರ್‌ಗಳೂ ಇದೇ ಪಟ್ಟಿಯಲ್ಲಿ ಕಿತ್ತಾಡುತ್ತವೆ. ಈ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6 ಮತ್ತು 11 ಮಾತ್ರ. ರೂಟರ್ ಸೆಟ್ಟಿಂಗ್‌ನಲ್ಲಿ ಇವುಗಳಲ್ಲಿ ಜನ ಕಡಿಮೆ ಇರುವುದನ್ನು ಆರಿಸಿ. ರೂಟರ್ ಹತ್ತಿರದಲ್ಲೇ ಇದ್ದರೆ 5 ಗಿಗಾಹರ್ಟ್ಸ್ ಇನ್ನೂ ಒಳ್ಳೆಯದು. ಗೋಡೆಗಳನ್ನು ದಾಟುವ ಶಕ್ತಿ ಮಾತ್ರ ಅದಕ್ಕೆ ಕಡಿಮೆ.

ಯುಎಸ್‌ಬಿ 3.0 ಗದ್ದಲ. ಇದು ಬಹಳ ಜನಕ್ಕೆ ಗೊತ್ತಿಲ್ಲದ ಕಾರಣ. ಯುಎಸ್‌ಬಿ 3.0 ಸಾಧನಗಳು ಕೆಲಸ ಮಾಡುವಾಗ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ರೇಡಿಯೊ ಗದ್ದಲ ಎಬ್ಬಿಸುತ್ತವೆ ಎಂದು ಇಂಟೆಲ್ ಕಂಪನಿಯೇ 2012ರಲ್ಲಿ ವರದಿ ಪ್ರಕಟಿಸಿತ್ತು. ಹೊರಗಿನ ಹಾರ್ಡ್ ಡಿಸ್ಕ್ ಸಿಕ್ಕಿಸಿ ಫೈಲ್ ಕಾಪಿ ಮಾಡುವಾಗಲೇ ನೆಟ್ ಹೋಗುತ್ತಿದ್ದರೆ ಕಾರಣ ಇದಿರಬಹುದು. ಡಿಸ್ಕನ್ನು ಉದ್ದ ಕೇಬಲ್‌ನಲ್ಲಿ ದೂರ ಇಡಿ. ವೈಫೈಗೆ ಯುಎಸ್‌ಬಿ ಡಾಂಗಲ್ ಬಳಸುವವರು ಅದನ್ನು ಎಕ್ಸ್‌ಟೆನ್ಶನ್ ಕೇಬಲ್‌ನಲ್ಲಿ ಹೊರಗೆ ತನ್ನಿ.

ಕೇಬಲ್ ಹಾಕಿದ್ದರೂ ಹೋಗುತ್ತಿದೆಯೇ? ನೆಟ್‌ವರ್ಕ್ ಕೇಬಲ್ ಒಳಗೆ ಎಂಟು ತಂತಿಗಳು, ಅಂದರೆ ನಾಲ್ಕು ಜೋಡಿಗಳಿವೆ. ಗಿಗಾಬಿಟ್ ವೇಗಕ್ಕೆ ನಾಲ್ಕೂ ಜೋಡಿ ಬೇಕು. ಒಂದು ತಂತಿ ಬಾಗಿಲಿನ ಸಂದಿಯಲ್ಲಿ ಸಿಕ್ಕಿ ಮುರಿದಿದ್ದರೆ ಸಂಪರ್ಕ 1000ದಿಂದ 100 ಮೆಗಾಬಿಟ್‌ಗೆ ಇಳಿಯಬಹುದು, ಇಲ್ಲವೇ ಕೇಬಲ್ ಅಲುಗಿದಾಗಲೆಲ್ಲ ಕಟ್ ಆಗಬಹುದು. ಹೊಸ ಕೇಬಲ್ ಹಾಕಿ ನೋಡುವುದು ಎಲ್ಲಕ್ಕಿಂತ ಅಗ್ಗದ ಪರೀಕ್ಷೆ.

ಡ್ರೈವರ್. ‘ಲಿನಕ್ಸೇ ಸರಿ ಇಲ್ಲ’ ಎಂಬ ಮಾತಿನಲ್ಲಿ ಅರ್ಧ ಸತ್ಯವಿರುವುದು ಇಲ್ಲಿ. ಕೆಲವು ವೈಫೈ ಚಿಪ್‌ಗಳಿಗೆ ತಯಾರಕರು ಒಳ್ಳೆಯ ಲಿನಕ್ಸ್ ಡ್ರೈವರ್ ಕೊಟ್ಟಿರುವುದಿಲ್ಲ. ಇದನ್ನು ತಿಳಿಯಲು ಊಹೆ ಬೇಕಿಲ್ಲ, ಲಿನಕ್ಸ್ ತನ್ನ ದಿನಚರಿಯನ್ನು ತಾನೇ ಬರೆದಿಟ್ಟಿರುತ್ತದೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್‌ನ ‘ಜರ್ನಲ್’ ಪದಕ್ಕೆ ‘ಸಿ-ಟಿ-ಎಲ್’ ಅಂಟಿಸಿ ಬರೆದು, ಸ್ಪೇಸ್, ಹೈಫನ್, ‘ಎಫ್’ ಹಾಕಿದರೆ ಆ ದಿನಚರಿ ಕಣ್ಣೆದುರೇ ಓಡುತ್ತದೆ. ನೆಟ್ ಹೋದ ಗಳಿಗೆಯಲ್ಲಿ ‘ಲಿಂಕ್ ಈಸ್ ಡೌನ್’ ಎಂದು ಬಂದರೆ ಕೇಬಲ್ ಅಥವಾ ಪೋರ್ಟ್. ‘ಡಿಆಥೆಂಟಿಕೇಟೆಡ್’ ಎಂಬ ಪದ ಬಂದರೆ ಕಂಪ್ಯೂಟರ್ ಮತ್ತು ರೂಟರ್ ನಡುವಿನ ವೈಫೈ ನಂಟು ಮುರಿದಿದೆ. ‘ಫರ್ಮ್‌ವೇರ್’ ಎಂಬ ಪದದ ಜೊತೆ ದೋಷದ ಸಂದೇಶ ಬಂದರೆ ಚಿಪ್ ಅಥವಾ ಡ್ರೈವರ್. ಡ್ರೈವರ್ ದೋಷವಾದರೆ ಸಿಸ್ಟಮ್ ಅಪ್‌ಡೇಟ್ ಮಾಡಿ. ಕರ್ನಲ್ ಮತ್ತು ಫರ್ಮ್‌ವೇರ್ ಹೊಸದಾದಾಗ ಇಂಥ ಎಷ್ಟೋ ತೊಂದರೆಗಳು ಹೋಗುತ್ತವೆ.

ರೂಟರ್‌ಗೆ ಕರೆಂಟ್. ಕರೆಂಟ್ ಹೋಗಿ ಇನ್ವರ್ಟರ್ ಆನ್ ಆಗುವ ನಡುವೆ ಕಣ್ಣು ಮಿಟುಕಿಸುವಷ್ಟು ಹೊತ್ತಿನ ಬಿಡುವಿರುತ್ತದೆ. ಬಲ್ಬು ಒಮ್ಮೆ ಮಿಣುಕುತ್ತದೆ, ಅಷ್ಟರಲ್ಲಿ ರೂಟರ್ ರೀಸ್ಟಾರ್ಟ್ ಆಗಿಬಿಡಬಹುದು. ಮತ್ತೆ ನೆಟ್ ಬರಲು ಒಂದೆರಡು ನಿಮಿಷ ಬೇಕು. ಲ್ಯಾಪ್‌ಟಾಪ್ ಬಳಸುವವರಿಗೆ ಕರೆಂಟ್ ಹೋದದ್ದೇ ಗೊತ್ತಾಗುವುದಿಲ್ಲ. ನೆಟ್ ಹೋದಾಗ ರೂಟರ್‌ನ ದೀಪಗಳು ಮೊದಲಿನಿಂದ ಒಂದೊಂದಾಗಿ ಹೊತ್ತಿಕೊಳ್ಳುತ್ತಿದ್ದರೆ ಇದೇ ಕಾರಣ. ರೂಟರ್‌ಗೆಂದೇ ಸಿಗುವ ಚಿಕ್ಕ ಯುಪಿಎಸ್ ಹಾಕಿದರೆ ಮುಗಿಯಿತು. ಇಂಥ ಮನೆಯಲ್ಲಿ ಹತ್ತು ಸಲ ಡಿಎನ್‌ಎಸ್ ಬದಲಿಸಿದರೂ ಏನೂ ಆಗದು.

## ದೋಷ ರೂಟರ್‌ನ ಆಚೆ ಇದ್ದರೆ

ಫೈಬರ್ ಸಂಪರ್ಕದ ಪೆಟ್ಟಿಗೆಯಲ್ಲಿ ‘ಎಲ್‌ಓಎಸ್’ ಎಂಬ ದೀಪ ಇರುತ್ತದೆ. ಅದು ಕೆಂಪಾಗಿ ಮಿಣುಕಿದರೆ ಫೈಬರ್‌ನಲ್ಲಿ ಬೆಳಕೇ ಬರುತ್ತಿಲ್ಲ ಎಂದರ್ಥ. ತಂತಿ ಎಲ್ಲಾದರೂ ತೀರಾ ಬಾಗಿದೆಯೇ, ಪೀಠೋಪಕರಣದ ಕೆಳಗೆ ಸಿಕ್ಕಿದೆಯೇ ನೋಡಿ. ಇಲ್ಲದಿದ್ದರೆ ಕಂಪನಿಯವರೇ ಬರಬೇಕು.

ಈಗ ನಿಮ್ಮ ಬಳಿ ಬರೀ ದೂರಿಲ್ಲ, ಪುರಾವೆ ಇದೆ. ‘ನೆಟ್ ಸರಿ ಇಲ್ಲ’ ಎನ್ನುವ ಬದಲು ‘ನಿನ್ನೆ ಬೆಳಿಗ್ಗೆ 10:12ಕ್ಕೆ, 11:40ಕ್ಕೆ, ಸಂಜೆ 6:05ಕ್ಕೆ ರೂಟರ್ ಉತ್ತರ ಕೊಡುತ್ತಿತ್ತು, ಹೊರಗಿನ ಪಿಂಗ್ ನಿಂತಿತ್ತು’ ಎಂದು ಹೇಳಿ ನೋಡಿ. ‘ರೂಟರ್ ರೀಸ್ಟಾರ್ಟ್ ಮಾಡಿ’ ಎಂಬ ಮಾಮೂಲಿ ಉತ್ತರ ಕೊಡುವುದು ಅವರಿಗೆ ಅಷ್ಟು ಸುಲಭವಾಗುವುದಿಲ್ಲ. ದೂರಿನ ಡಾಕೆಟ್ ನಂಬರ್ ಕೇಳಿ ಪಡೆಯಿರಿ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ 2012ರ ನಿಯಮಗಳ ಪ್ರಕಾರ ದೂರಿಗೆ ಎರಡು ಮೆಟ್ಟಿಲುಗಳಿವೆ. ಮೊದಲು ಕಂಪನಿಯ ದೂರು ಕೇಂದ್ರ, ಅಲ್ಲಿ ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರ. ಮೇಲ್ಮನವಿಗೆ ಡಾಕೆಟ್ ನಂಬರ್ ಬೇಕಾಗುತ್ತದೆ.

## ದೋಷ ಹೆಸರಿನಲ್ಲಿದ್ದರೆ

ರೂಟರ್ ಮತ್ತು 8.8.8.8 ಎರಡೂ ಉತ್ತರಿಸುವಾಗ ಹೆಸರು ಮಾತ್ರ ಸಿಗದಿದ್ದರೆ, ಧಾರಾಳವಾಗಿ ಡಿಎನ್‌ಎಸ್ ಬದಲಿಸಿ. ಇದಕ್ಕೆ ಯಾರೋ ಕಳಿಸಿದ ಕಮಾಂಡ್ ಬೇಕಿಲ್ಲ. ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಸಂಪರ್ಕದ ಹೆಸರಿನ ಪಕ್ಕದ ಗೇರ್ ಗುರುತು ಒತ್ತಿ, ಐಪಿವಿ4 ವಿಭಾಗದಲ್ಲಿ ಡಿಎನ್‌ಎಸ್ ಜಾಗ ತುಂಬಿದರೆ ಆಯಿತು. ಮೊದಲಿದ್ದ ಸೆಟ್ಟಿಂಗ್ ಏನು ಎಂದು ಫೋಟೊ ತೆಗೆದಿಟ್ಟುಕೊಳ್ಳಿ.

## ಗಡಿಯಾರವೇ ಸಾಕ್ಷಿ

ಮೂರು ನಾಲ್ಕು ದಿನ ಸಮಯ ಬರೆದಿಟ್ಟರೆ ಅನೇಕ ಸಲ ಉತ್ತರ ತಾನೇ ಕಾಣುತ್ತದೆ.

- ಅಡುಗೆಮನೆಯಲ್ಲಿ ಓವನ್ ಓಡುವಾಗಲೇ ಹೋದರೆ: 2.4 ಗಿಗಾಹರ್ಟ್ಸ್ ಗದ್ದಲ.
- ರಾತ್ರಿ ಎಲ್ಲರೂ ಮನೆಯಲ್ಲಿರುವ ಹೊತ್ತಿಗೆ ಮಾತ್ರ ಹೋದರೆ: ಅಕ್ಕಪಕ್ಕದ ವೈಫೈ ದಟ್ಟಣೆ ಅಥವಾ ಕಂಪನಿಯ ಲೈನ್ ಮೇಲಿನ ಹೊರೆ.
- ಸರಿಯಾಗಿ ಇಂತಿಷ್ಟೇ ಗಂಟೆಗೊಮ್ಮೆ ಹೋದರೆ: ರೂಟರ್ ಪ್ರತಿ ಸಾಧನಕ್ಕೂ ನಂಬರನ್ನು ಬಾಡಿಗೆಗೆ ಕೊಟ್ಟಂತೆ ಕೊಡುತ್ತದೆ. ಅವಧಿ ಮುಗಿಯುವ ಮೊದಲು ಅದನ್ನು ನವೀಕರಿಸಬೇಕು. ಆ ನವೀಕರಣ ತಪ್ಪುತ್ತಿರಬಹುದು.
- ಹೊಸ ಪ್ರಿಂಟರ್, ಕ್ಯಾಮೆರಾ ಅಥವಾ ಟಿವಿ ಆನ್ ಆದಾಗ ಹೋದರೆ: ಎರಡು ಸಾಧನಗಳಿಗೆ ಒಂದೇ ನಂಬರ್ ಇರಬಹುದು.

ಕಾರಣ ಊಹಿಸಿದ ಮೇಲೆ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಮೊದಲು ದಿನಕ್ಕೆ ಎಷ್ಟು ಸಲ ಹೋಗುತ್ತಿತ್ತು, ಈಗ ಎಷ್ಟು ಸಲ ಎಂದು ಎಣಿಸಿ. ಮೊದಲು ದಿನಕ್ಕೆ ಆರು ಸಲ ಹೋಗುತ್ತಿದ್ದದ್ದು ಬದಲಾವಣೆಯಾದ ಮೇಲೆ ಮೂರು ದಿನ ಒಮ್ಮೆಯೂ ಹೋಗದಿದ್ದರೆ ‘ಸರಿ ಹೋಯಿತು’ ಎನ್ನಬಹುದು. ಒಟ್ಟಿಗೆ ಐದು ಬದಲಾವಣೆ ಮಾಡಿದರೆ ಯಾವುದರಿಂದ ಸರಿಯಾಯಿತು ಎಂದು ಯಾರಿಗೂ ತಿಳಿಯದು.

## ‘ಸುಡೊ’ ಇರುವ ಫಾರ್ವರ್ಡ್ ಬಗ್ಗೆ ಎಚ್ಚರ

ಇಂಥ ಸಂದೇಶಗಳಲ್ಲಿ ಬರುವ ಕಮಾಂಡ್ ‘ಎಸ್-ಯು-ಡಿ-ಓ’ ಎಂಬ ನಾಲ್ಕು ಅಕ್ಷರಗಳಿಂದ ಶುರುವಾದರೆ ಅಲ್ಲೇ ನಿಲ್ಲಿ. ಸುಡೊ ಎಂದರೆ ‘ಮುಂದೆ ಬರೆದಿರುವುದನ್ನು ಯಜಮಾನನ ಅಧಿಕಾರದಲ್ಲಿ ಮಾಡು’ ಎಂದು ಕಂಪ್ಯೂಟರ್‌ಗೆ ಹೇಳಿದಂತೆ. ನೀವು ಪಾಸ್‌ವರ್ಡ್ ಕೊಟ್ಟ ಮೇಲೆ ಆ ಸಾಲು ಫೈಲ್‌ಗಳನ್ನು ಅಳಿಸಬಹುದು, ಫೈರ್‌ವಾಲ್ ತೆಗೆಯಬಹುದು, ಇಂಟರ್ನೆಟ್‌ನಿಂದ ಬೇರೊಂದು ಪ್ರೋಗ್ರಾಂ ತಂದು ಓಡಿಸಬಹುದು. ‘ಇಷ್ಟು ಖಚಿತವೇ?’ ಎಂದು ಮತ್ತೊಮ್ಮೆ ಕೇಳುವುದಿಲ್ಲ.

ಸುಡೊ ತಾನೇ ಕೆಟ್ಟದ್ದಲ್ಲ, ಅಪ್‌ಡೇಟ್ ಮಾಡಲೂ ಅದು ಬೇಕು. ಆದರೆ ಒಂದೊಂದು ಪದವೂ ಏನು ಮಾಡುತ್ತದೆ ಎಂದು ತಿಳಿಯದ ಸಾಲಿಗೆ ಪಾಸ್‌ವರ್ಡ್ ಕೊಡಬೇಡಿ. ಅದರಲ್ಲೂ ವೆಬ್ ವಿಳಾಸವಿದ್ದು, ಅದರ ನಂತರ ಒಂದು ನೆಟ್ಟಗಿನ ಗೆರೆ, ಆಮೇಲೆ ‘ಬ್ಯಾಶ್’ ಅಥವಾ ‘ಎಸ್-ಎಚ್’ ಇದ್ದರೆ, ಅದು ಅಪರಿಚಿತರ ಪ್ರೋಗ್ರಾಂ ಅನ್ನು ನೋಡದೆಯೇ ಓಡಿಸುವ ಸಾಲು. ನೆಟ್ ಎರಡು ನಿಮಿಷ ಹೋಗುವುದಕ್ಕಿಂತ ದೊಡ್ಡ ನಷ್ಟ ಅದರಿಂದ ಆಗಬಹುದು.

## ನಾಳೆಯೇ ಪರೀಕ್ಷೆ ಇದ್ದರೆ?

ಕಾರಣ ಹುಡುಕಲು ಸಮಯವಿಲ್ಲದಿದ್ದರೆ ಫೋನನ್ನು ಚಾರ್ಜಿಂಗ್ ಕೇಬಲ್‌ನಲ್ಲಿ ಕಂಪ್ಯೂಟರ್‌ಗೆ ಸಿಕ್ಕಿಸಿ, ಫೋನ್ ಸೆಟ್ಟಿಂಗ್ಸ್‌ನ ಹಾಟ್‌ಸ್ಪಾಟ್ ವಿಭಾಗದಲ್ಲಿ ‘ಯುಎಸ್‌ಬಿ ಟೆದರಿಂಗ್’ ಆನ್ ಮಾಡಿ. (ಡೇಟಾ ಸಾಗಿಸುವ ಕೇಬಲ್ ಆಗಿರಬೇಕು, ಬರೀ ಚಾರ್ಜ್ ಮಾಡುವ ಅಗ್ಗದ ಕೇಬಲ್‌ನಲ್ಲಿ ಆಗದು.) ಆಂಡ್ರಾಯ್ಡ್ ಫೋನ್ ಆದರೆ ಲಿನಕ್ಸ್ ಸಾಮಾನ್ಯವಾಗಿ ಯಾವ ಡ್ರೈವರ್ ಕೇಳದೆಯೇ ಅದನ್ನು ಗುರುತಿಸುತ್ತದೆ. ವೈಫೈ, ರೂಟರ್, ಫೈಬರ್ ಮೂರನ್ನೂ ದಾಟಿ ನೇರ ನೆಟ್ ಸಿಗುತ್ತದೆ. ಫೋನ್‌ನ ವೈಫೈ ಆಫ್ ಇರಲಿ. ಇದನ್ನು ಹಿಂದಿನ ದಿನವೇ ಒಮ್ಮೆ ಮಾಡಿ ನೋಡಿಟ್ಟುಕೊಳ್ಳಿ.

ಇದು ಒಂದು ಪರೀಕ್ಷೆಯೂ ಹೌದು. ಟೆದರಿಂಗ್‌ನಲ್ಲಿ ಗಂಟೆಗಟ್ಟಲೆ ನೆಟ್ ಹೋಗದಿದ್ದರೆ ಕಂಪ್ಯೂಟರ್ ಮತ್ತು ಲಿನಕ್ಸ್ ಒಟ್ಟಾರೆ ಸರಿ ಇವೆ, ಹುಡುಕಬೇಕಾದದ್ದು ವೈಫೈ ಚಿಪ್‌ನಿಂದ ಆಚೆಗೆ.

## ಒಟ್ಟಿನಲ್ಲಿ

ಡಿಎನ್‌ಎಸ್ ಬದಲಿಸಿದರೆ ಬಂದು ಹೋಗುವ ನೆಟ್ ಸರಿಯಾಗುತ್ತದೆ ಎಂಬ ಹೇಳಿಕೆ ಭಾಗಶಃ ಮಾತ್ರ ಸತ್ಯ. ದೋಷ ಹೆಸರು ಹುಡುಕುವ ಹಂತದಲ್ಲಿದ್ದರೆ ಮಾತ್ರ ಅದು ಅನ್ವಯ. ಅದಕ್ಕೆ ಮೊದಲು ರೂಟರ್‌ಗೆ ಒಂದು ಪಿಂಗ್, ಹೊರಗಿನ ನಂಬರ್‌ಗೆ ಒಂದು ಪಿಂಗ್, ಹೆಸರಿಗೆ ಒಂದು ಪಿಂಗ್. ಜೊತೆಗೆ ಸಮಯ ಬರೆದಿಡಲು ಒಂದು ಚೀಟಿ.

ಮುಂದಿನ ಸಲ ಗುಂಪಿನಲ್ಲಿ ‘ಈ ಕಮಾಂಡ್ ಹಾಕಿ, ನೆಟ್ ಸರಿಯಾಗುತ್ತದೆ’ ಎಂಬ ಸಂದೇಶ ಬಂದರೆ ಫಾರ್ವರ್ಡ್ ಮಾಡುವ ಮೊದಲು ಕಳಿಸಿದವರಿಗೆ ಒಂದೇ ಪ್ರಶ್ನೆ ಕೇಳಿ: ನೆಟ್ ಹೋದಾಗ ರೂಟರ್ ಪಿಂಗ್‌ಗೆ ಉತ್ತರ ಕೊಡುತ್ತಿತ್ತೇ? ಇದಕ್ಕೆ ಉತ್ತರವಿಲ್ಲದಿದ್ದರೆ ಆ ಪರಿಹಾರವೂ ಏಳನೇ ದಿನ ಕುಡಿದ ಕಷಾಯವೇ ಇರಬಹುದು.